ಆವರೇಜ್ ಎಷ್ಟ ಕೊಡತೈತಿ?

ಹೊಸಾ ಗಾಡಿ ಮನಿ ಮುಂದ ತಂದು ನಿಲ್ಲಿಸಿ, ನಾಕೂ ಗಾಲಿ ಕೆಳಗ ಲಿಂಬಿಹಣ್ಣ ಇಟ್ಟು, ಆರತಿ ಮಾಡಿ ಇನ್ನೂ ಐದು ನಿಮಿಷ ಆಗಿರಲಿಲ್ಲ. ಬಾಜೂ ಮನಿ ಮಾಸ್ತರು ಕಂಪೌಂಡ್ ಮ್ಯಾಲಿಂದ ಕೇಳೇಬಿಟ್ರು, "ಆವರೇಜ್ ಎಷ್ಟ ಕೊಡತೈತ್ರಿ?"

ನಮ್ಮ ಧಾರವಾಡದ ಕಡೆ ಮೈಲೇಜ್ ಅನ್ನೂದು ಕಡಿಮಿ, ಆವರೇಜ್ ಅಂತೀವಿ. ಬಣ್ಣ ಹೆಂಗೈತಿ, ಹಿಂದ ಎಷ್ಟ ಮಂದಿ ಕುಂಡರಬಹುದು, ಇದ್ಯಾವುದೂ ಕೇಳಂಗಿಲ್ಲ. ನಾನೂ ಎದಿ ಉಬ್ಬಿಸಿ "24 ರೀ" ಅಂದೆ. ಶೋರೂಮಿನವರು ಕೊಟ್ಟ ಕಾಗದದ ಮ್ಯಾಲೆ ಹಂಗ ಇತ್ತು. ಮಾಸ್ತರು ನಂಬಲಿಲ್ಲ. "ಆಟೋಮ್ಯಾಟಿಕ್ ಅಲ್ಲೇನ್ರಿ? ಎಣ್ಣಿ ಭಾಳ ಕುಡಿತೈತಿ" ಅಂದು ಒಳಗ ಹೋದ್ರು.

ಆಟೋಮ್ಯಾಟಿಕ್ ಯಾಕ ತೊಗೊಂಡ್ವಿ ಅನ್ನೂದು ಹೇಳಬೇಕು. ನನ್ನ ಹೆಂಡ್ತಿ ಗಾಡಿ ಕಲತಾಕೀನ. ಆದ್ರ ಧಾರವಾಡ ಅಂದ್ರ ಏರು, ಇಳಕಲು. ಲೈಸೆನ್ಸ್ ಬಂದ ಎರಡನೇ ತಿಂಗಳದಾಗ ಒಂದ ಏರಿನ್ಯಾಗ ಕ್ಲಚ್ ಬಿಡೂ ಹೊತ್ತಿಗೆ ಗಾಡಿ ಹಿಂದಕ್ಕ ಸರದು ಹಿಂದ ನಿಂತಿದ್ದ ಬೈಕಿಗೆ ಬಡೀತು. ಯಾರಿಗೂ ಏನೂ ಆಗಲಿಲ್ಲ, ಆದ್ರ ಅಕಿ ಅವತ್ತಿಂದ ಹಳೇ ಗಾಡಿ ಕೀಲಿಕೈ ಮುಟ್ಟಲಿಲ್ಲ. ಅಷ್ಟರಾಗ ಅವ್ವನ ಮೊಣಕಾಲ ಆಪರೇಷನ್ ಗೊತ್ತಾತು. ಆಮ್ಯಾಲೆ ವಾರಕ್ಕ ಮೂರು ದಿನಾ ಫಿಜಿಯೋಥೆರಪಿ. ನಾ ದಿನಾ ಚಿಗರಿ ಬಸ್ಸಿನ್ಯಾಗ ಹುಬ್ಬಳ್ಳಿಗೆ ಹೋಗಾಂವ, ಸಂಜೀಕ ಬರಾಂವ. ಅವ್ವನ್ನ ಕರಕೊಂಡ ಹೋಗೂದು ಯಾರು? ಹಂಗಂತ ಹಳೇದು ಮಾರಿ, ಎರಡ ಪೆಡಲ್ಲಿನ ಸಣ್ಣ ಗಾಡಿ ಒಂದು ತೊಗೊಂಡ್ವಿ. ಒಂದು ಲೀಟರ್ ಎಂಜಿನ್, ಮೂರು ಸಿಲಿಂಡರ್. ಕಂಪನಿ ಹೆಸರು ಬ್ಯಾಡ ಬಿಡ್ರಿ.

ಈ ಸಣ್ಣ ಗಾಡ್ಯಾಗ ಬರೂ ಆಟೋಮ್ಯಾಟಿಕ್ಕಿಗೆ ಎಎಂಟಿ ಅಂತಾರ. ನಮ್ಮ ದೇಶದಾಗ 2014ರಾಗ ಸೆಲೆರಿಯೋ ಗಾಡಿ ಜೋಡಿ ಬಂದು, ಆಮ್ಯಾಲೆ ಎಲ್ಲಾರೂ ತಂದ್ರು. ಒಳಗಿನ ಗೇರ್ ಡಬ್ಬಿ ಮಾಮೂಲಿ, ಕೈಯಾಗ ಹಾಕೂದ. ಕ್ಲಚ್ ಒತ್ತೂದು, ಗೇರ್ ಬದಲಿ ಮಾಡೂದು, ಎರಡೂ ಕೆಲಸಾ ನಮ್ಮ ಬದಲಿ ಒಂದು ಯಂತ್ರ ಮಾಡತೈತಿ, ಅಷ್ಟ. ಹಳೇ ತರದ ಆಟೋಮ್ಯಾಟಿಕ್ಕಿನ್ಯಾಗ ಎಂಜಿನ್ನಿಗೂ ಗೇರಿಗೂ ನಡುವ ಆಯಿಲ್ ತುಂಬಿದ ಟಾರ್ಕ್ ಕನ್ವರ್ಟರ್ ಇರತಿತ್ತು, ಒಂದಿಷ್ಟು ಶಕ್ತಿ ಅದರಾಗ ಬಿಸಿ ಆಗಿ ಹೋಗತಿತ್ತು. ಮಾಸ್ತರು ಹೇಳಿದ್ದು ಆ ಗಾಡಿ ಮಾತು. ಎಎಂಟಿಯೊಳಗ ಆ ಖರ್ಚಿಲ್ಲ, ಅದಕ್ಕ ಕಾಗದದ ಮ್ಯಾಲೆ ಗೇರಿನ ಗಾಡಿಗೂ ಇದಕ್ಕೂ ಹೆಚ್ಚೂಕಡಿಮಿ ಒಂದ ಆವರೇಜ್ ಇರತೈತಿ.

ಕಾಗದದ ಮ್ಯಾಲೆ. ಮೊದಲನೇ ಸಲ ಟ್ಯಾಂಕ್ ಫುಲ್ ಮಾಡಿಸಿ, ಮೀಟರ್ ಸೊನ್ನೀಗೆ ತಂದು, ಎರಡನೇ ಸಲ ಅದ ಬಂಕಿನ್ಯಾಗ ಅದ ಪಂಪಿಗೆ ನಿಂತು ಮತ್ತ ಫುಲ್ ಮಾಡಿಸಿದೆ. ನಡದದ್ದು 312 ಕಿಲೋಮೀಟರ. ಹಿಡದದ್ದು 24.6 ಲೀಟರ್. ಮೊಬೈಲಿನ್ಯಾಗ ಭಾಗಿಸಿ ನೋಡಿದ್ರ 12.7. ತಪ್ಪಿರಬೇಕಂತ ಇನ್ನೊಮ್ಮೆ ಭಾಗಿಸಿದೆ, ಅಷ್ಟ ಬಂತು. ಗಾಡಿ ಸ್ಕ್ರೀನಿನ್ಯಾಗ 13.8 ತೋರಸ್ತಿತ್ತು, ಅದೂ ಒಂದ ಕಿಲೋಮೀಟರ ಸುಳ್ಳ ಹೇಳತೈತಿ ಅಂತ ಅವತ್ತ ಗೊತ್ತಾತು.

ಅಲ್ಲಿಂದ ನನ್ನ ತಲಿ ಕೆಟ್ಟಿತು ನೋಡ್ರಿ. ಊಟಕ್ಕ ಕುಂತ್ರೂ ಅದ ಮಾತು. "ಎಸಿ ಎಷ್ಟ ಹೊತ್ತ ಹಚ್ಚಿದ್ದಿ? ಎಲ್ಲೆಲ್ಲೆ ಹೋಗಿದ್ದಿ? ಸುಮ್ಮ ಸುಮ್ಮನ ಪೇಟಿಗೆ ಯಾಕ ಒಯ್ದಿ?" ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹಿರೇ ಫಿಟರ್ ಪ್ಲಗ್ ನೋಡಿದ, ಏರ್ ಫಿಲ್ಟರ್ ನೋಡಿದ, ಬಾನೆಟ್ ಮುಚ್ಚಿದ. "ಸಾಹೇಬ್ರ, ಒಮ್ಮೆ ಬೆಳಗಾವಿಗೆ ಹೋಗಿ ಬಂದು ಲೆಕ್ಕಾ ಮಾಡ್ರಿ. ಆಮ್ಯಾಲೆ ನನ್ನ ಕಡೆ ಬರ್ರಿ" ಅಂದ.

ಮುಂದಿನ ರವಿವಾರ ಬೆಳಗಾವಿಯೊಳಗ ಒಂದ ನಿಶ್ಚಯ ಇತ್ತು. ನಾನ ಹೊಡಕೊಂಡ ಹೋದೆ. ಕಿತ್ತೂರು ದಾಟೂತನಾ 80ರ ಮ್ಯಾಲೆ ಮುಳ್ಳ ಏರಿಸಲಿಲ್ಲ. ಹೋಗಿ ಬಂದು 168 ಕಿಲೋಮೀಟರ, 8 ಲೀಟರ್. ಅಂದ್ರ 21! ಗಾಡಿ ಚಲೋ ಐತಿ ಅಂತಾತು. ಅಂವ ಫಿಟರ್ ಹೇಳಾಕ ಹೊಂಟಿದ್ದು ನನಗ ತಿಳೀಬೇಕಿತ್ತು. ನನಗ ತಿಳದದ್ದ ಬ್ಯಾರೆ. ರಾತ್ರಿ ಊಟದ ಮುಂದ ಹೇಳಿದೆ, "ನಾ ಹೊಡದ್ರ 21, ನೀ ಹೊಡದ್ರ 12. ದೋಷಾ ಗಾಡೀದಲ್ಲ."

ಹೆಂಡ್ತಿ ಏನೂ ಅನ್ನಲಿಲ್ಲ. ನನ್ನ ತಾಟಿಗೆ ಇನ್ನೊಂದ ರೊಟ್ಟಿ ಹಾಕಿ ಒಳಗ ಹೋದ್ಲು. ಅವ್ವ ಕಟ್ಟಿಗಿ ಕುರ್ಚಿ ಮ್ಯಾಲೆ ಕಾಲ ಚಾಚಿ ಕುಂತು ಕೇಳಾಕತ್ತಿದ್ಲು. ಅಕೀನೂ ಏನೂ ಅನ್ನಲಿಲ್ಲ.

ಎರಡ ವಾರದ ಮ್ಯಾಲೆ, ಒಂದ ಶುಕ್ರವಾರ, ಜ್ವರಾ ಬಂದಂಗಾಗಿ ನಾ ಮಧ್ಯಾಹ್ನ ಮನೀಗೆ ಬಂದೆ. ಗೇಟಿನ ಮುಂದ ಆಟೋ ನಿಂತಿತ್ತು. ಅವ್ವ ಇಳ್ಯಾಕತ್ತಿದ್ಲು. ಇಳ್ಯಾಕತ್ತಿದ್ಲು ಅಂದ್ರ, ಒಂದ ಕೈ ಆಟೋದ ಸರಳಿಗೆ, ಒಂದ ಕೈ ನನ್ನ ಹೆಂಡ್ತಿ ಹೆಗಲಿಗೆ, ಆಪರೇಷನ್ ಆದ ಕಾಲ ಮಡಚಾಕ ಬರದ ಮೊದಲ ಹೊರಗ ಚಾಚಿ, ಹಲ್ಲ ಕಚ್ಚಿ. ಬಾಜೂಕ ನಮ್ಮ ಗಾಡಿ ಕವರ್ ಹಾಕ್ಕೊಂಡು ನಿಂತಿತ್ತು.

"ಗಾಡಿಗೆ ಏನಾತು?" ಅಂದೆ.

ಹೆಂಡ್ತಿ ನನ್ನ ಮಾರಿ ನೋಡದನ ಹೇಳಿದ್ಲು, "ಆರು ಸಲಾ ಆತ್ರಿ ಹಿಂಗ. ಅತ್ತಿ ಗಾಡ್ಯಾಗ ಬರೂದಿಲ್ಲಂತ. ನಾ ಎಷ್ಟ ಹೇಳಿದ್ರೂ ಕೇಳವಲ್ಲರು."

ಅವ್ವ ಕಟ್ಟಿ ಮ್ಯಾಲೆ ಕುಂತು ಉಸಿರ ಬಿಟ್ಲು. "ಎಣ್ಣಿ ಭಾಳ ಕುಡಿತೈತಿ ಅಂತಿದ್ದೆಲ್ಲೊ ತಮ್ಮಾ. ನನ್ನ ಕಾಲಿನ ಸಲುವಾಗಿ ದಿನಾ ನೀವಿಬ್ಬರು ಯಾಕ ಜಗಳಾಡ್ತೀರಿ? ಪೆನ್ಶನ್ ರೊಕ್ಕ ಐತಿ ನನ್ನ ಕಡೆ."

ಅಪ್ಪನ ಪೆನ್ಶನ್ ಅದು. ಅಪ್ಪನೂ ಎಣ್ಣಿ ಲೆಕ್ಕದಾಂವನ. ಎಂ-80 ಇತ್ತು ಅವನ ಕಡೆ, ಇಳಕಲು ಬಂತಂದ್ರ ಎಂಜಿನ್ ಬಂದ್ ಮಾಡಿ ಸುಮ್ಮನ ಉರುಳಿಸಿಕೊಂಡ ಬರತಿದ್ದ. ಹಿಂದ ಕುಂತ ಅವ್ವ ಅಂಜಿ ಅವನ ಅಂಗಿ ಹಿಡಕೊಂಡಿರತಿದ್ಲು. ಎಣ್ಣಿ ಉಳಿಸೂದು ಅಂದ್ರ ಏನು ಅಂತ ಅಕೀಗೆ ಯಾರೂ ಕಲಿಸಬೇಕಾಗಿಲ್ಲ.

ರಾತ್ರಿ ಲೆಕ್ಕಾ ಹಾಕಿದೆ. ಸಾಧನಕೇರಿಯಿಂದ ಮಾಳಮಡ್ಡಿ ಕಡೆ ಫಿಜಿಯೋಥೆರಪಿಗೆ ಹೋಗಿ ಬರಾಕ 8 ಕಿಲೋಮೀಟರ. ಲೀಟರಿಗೆ 103 ಹಿಡದ್ರ, 12.7ರ ಆವರೇಜಿನ್ಯಾಗ 65 ರೂಪಾಯಿ ಎಣ್ಣಿ. ಕಾಗದದ ಮ್ಯಾಲಿನ 24 ಖರೇನ ಬಂದಿದ್ರ 34 ರೂಪಾಯಿ. ಒಂದ ಸಲಕ್ಕ ಫರಕು 31 ರೂಪಾಯಿ. ಮಿರ್ಚಿ ಭಜಿ ಮತ್ತ ಚಹಾದ ರೊಕ್ಕ. ಅದನ್ನ ಉಳಸಾಕ ಅವ್ವ ಒಂದೊಂದ ಸಲಾ ಆಟೋಕ್ಕ 180 ಕೊಟ್ಟು, ಕಾಲು ನೋಯಿಸಿಕೊಂಡು ಬಂದಿದ್ಲು. ಆರು ಸಲ.

ಮರುವಾರ ರಜಾ ಹಾಕಿದೆ. ಟ್ಯಾಂಕ್ ಫುಲ್ ಮಾಡಿಸಿ, ಅವ್ವನ್ನ ನಾನ ಕರಕೊಂಡ ಹೋದೆ. ಹೆಂಡ್ತಿ ಮಗಳನ್ನ ಸಾಲಿಗೆ ಬಿಡೂ ಕೆಲಸಾನೂ, ಕಾಯಿಪಲ್ಲೆ ತರೂದೂ ನಾನ ಮಾಡಿದೆ. ಏಳು ದಿನಾ ಅಕಿ ಸ್ಟೀರಿಂಗ್ ಮುಟ್ಟಲಿಲ್ಲ. ವಾರದ ಕೊನೀಗೆ ಮತ್ತ ಫುಲ್ ಮಾಡಿಸಿ ಭಾಗಿಸಿದ್ರ 11.9 ಬಂತು. ಬೆಳಗಾವಿಗೆ 21 ತಂದ ಅದ ಕೈ, ಅದ ಕಾಲು.

ಬಂಕಿನ್ಯಾಗ ನಿಂತ ಹೆಂಡ್ತಿಗೆ ಫೋನ್ ಮಾಡಿದೆ. "ಎಷ್ಟ ಬಂತ್ರಿ?" ಅಂದ್ಲು. ಹೇಳಿದೆ. ಅಕಿ ನಗಲಿಲ್ಲ, ಅದ ನನಗ ಭಾಳ ಅನಸ್ತು. "ಬರೂ ಮುಂದ ಕೊತಂಬರಿ ತೊಗೊಂಡ ಬರ್ರಿ" ಅಂದು ಇಟ್ಲು.

ಆಮ್ಯಾಲೆ ಕುಂತು ವಿಚಾರ ಮಾಡಿದೆ, ಫಿಟರನ ಹಂತ್ಯಾಕೂ ಹೋಗಿ ಕೇಳಿದೆ. ಮೊದಲನೇದು ಎಂಜಿನ್ ತಣ್ಣಗಿರೂದು. ತಣ್ಣನ್ನ ಎಂಜಿನ್ನಿಗೆ ಹೆಚ್ಚ ಎಣ್ಣಿ ಬೇಕು, ಪೂರಾ ಕಾಯಾಕ ನಾಕೈದು ಕಿಲೋಮೀಟರ ಓಡಬೇಕು. ನಮ್ಮ ಮನಿಯಿಂದ ಸಾಲಿ ಎರಡು ಕಿಲೋಮೀಟರ, ಫಿಜಿಯೋಥೆರಪಿ ನಾಕು. ಅಂದ್ರ ಎಂಜಿನ್ ಕಾಯೂ ಹೊತ್ತಿಗೆ ನಾವು ಇಳದಿರತೀವಿ. ಬಂದ್ ಮಾಡಿ, ಅದು ತಣ್ಣಗಾದ ಮ್ಯಾಲೆ ಮತ್ತ ಚಾಲೂ ಮಾಡ್ತೀವಿ. ದಿನಕ್ಕ ಐದ ಸಲಾ ಒಲಿ ಆರಿಸಿ ಹಚ್ಚಿದಂಗ.

ಇನ್ನೊಂದು ಕಾಯೂದು. ಅವ್ವ ಒಳಗ ನಲ್ವತ್ತು ನಿಮಿಷ ಕಾಲ ಮಡಚಿ ಬಿಡಿಸೂ ತನಾ ಹೊರಗ ಗಾಡ್ಯಾಗ ಕುಂಡರೂದು, ಮಗಳು ಜೋಡಿ ಇದ್ರ ಮಾರ್ಚ್ ತಿಂಗಳ ಬಿಸಲಿಗೆ ಎಸಿ ಹಚ್ಚೂದು. ಗಾಡಿ ಒಂದ ಹೆಜ್ಜಿ ಮುಂದ ಹೋಗಂಗಿಲ್ಲ, ಎಣ್ಣಿ ಮಾತ್ರ ಹೋಗತೈತಿ. ಸಣ್ಣ ಎಂಜಿನ್ನೂ ನಿಂತಲ್ಲೆ ಎಸಿ ಹಚ್ಚಿ ಕುಂತ್ರ ತಾಸಿಗೆ ಅರ್ಧದಿಂದ ಒಂದ ಲೀಟರ್ ತನಾ ಸುಡತೈತಿ. ಆ ವಾರ ನಾನೂ ಹಂಗ ಕುಂತಿದ್ದೆ, ಮೊಬೈಲ್ ನೋಡ್ಕೊಂತ.

ಮತ್ತ 24 ಎಲ್ಲಿಂದ ಬಂತು? ಅದೇನ ಸುಳ್ಳಲ್ಲ. ಎಆರ್‌ಎಐದಂಥಾ ಪರೀಕ್ಷಾ ಸಂಸ್ಥೆಯೊಳಗ ಗಾಡೀನ ರೋಲರ್ ಮ್ಯಾಲೆ ಏರಿಸಿ, ಗೊತ್ತು ಮಾಡಿದ ತಾಳಕ್ಕ ಇಪ್ಪತ್ತು ನಿಮಿಷದ ಒಳಗ ಓಡಸ್ತಾರ. ಎಸಿ ಬಂದ್. ಸ್ಪೀಡು 90 ದಾಟಂಗಿಲ್ಲ. ಎಲ್ಲಾ ಕಂಪನಿ ಗಾಡಿಗೂ ಒಂದ ಪರೀಕ್ಷಾ ಇರೂದರಿಂದ ಈ ಗಾಡಿ ಚಲೋನೋ ಆ ಗಾಡಿ ಚಲೋನೋ ಅಂತ ತೂಗಿ ನೋಡಾಕ ಅದು ಸರಿ. ಅದರಾಗ ಜುಬಿಲಿ ಸರ್ಕಲ್ ಇಲ್ಲ, ಏರು ಇಲ್ಲ, ಅಡ್ಡ ಬರೂ ಎಮ್ಮಿ ಇಲ್ಲ, ಮೊಣಕಾಲ ನೋವಿನ ಅವ್ವ ಇಲ್ಲ. ಈಗೀಗ ಎಣ್ಣಿಯೊಳಗ ನೂರಕ್ಕ ಇಪ್ಪತ್ತರ ತನಾ ಎಥೆನಾಲ್ ಬೆರಸ್ತಾರ. ನಮ್ಮ ಬೆಳಗಾವಿ ಕಡೆ ಕಬ್ಬಿಂದೂ ಅದರಾಗ ಇರಬಹುದು. ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮಿ, ಅದಕ್ಕೂ ಒಂಚೂರು ಆವರೇಜ್ ಇಳೀತೈತಿ. ಕಬ್ಬಿನವರಿಗೆ ರೊಕ್ಕ ಸಿಕ್ರ ಸಿಗಲಿ.

ಏನೇನ ಬದಲಿ ಮಾಡಿದ್ವಿ ಕೇಳಿದ್ರ, ದೊಡ್ಡದೇನಿಲ್ಲ. ಗಾಲಿ ಹವಾ ಭಾಳ ಇಳದಿತ್ತು, ಬಾಗಲ ಕಂಬದ ಮ್ಯಾಲೆ ಬರದಷ್ಟು ತುಂಬಿಸಿದೆ. ಈಗ ಹದಿನೈದು ದಿನಕ್ಕೊಮ್ಮೆ ನೋಡಸ್ತೀನಿ. ಮಗಳನ್ನ ಸಾಲಿಗೆ ಬಿಡೂದು, ಫಿಜಿಯೋಥೆರಪಿ, ಕಾಯಿಪಲ್ಲೆ, ಮೂರೂ ಒಂದ ಸುತ್ತಿನ್ಯಾಗ, ಎಂಜಿನ್ ಬಿಸಿ ಇದ್ದಾಗ. ಕಾಯೂ ಮುಂದ ಹೆಂಡ್ತಿ ಗಾಡಿ ಬೇವಿನ ಗಿಡದ ಕೆಳಗ ಬಂದ್ ಮಾಡಿ ಒಳಗ ಹೋಗಿ ಕುಂಡರತಾಳ. ಎಎಂಟಿಯೊಳಗ ಗೇರ್ ಬದಲಾಗೂ ಮುಂದ ಒಂದ ಕ್ಷಣ ಗಾಡಿ ತಡವರಿಸತೈತಿ. ಆಗ ಜೋರ ಒತ್ತೂದು ಬಿಟ್ಟು ಕಾಲ ತುಸು ಸಡಲಿಸಿದ್ರ ಲಗೂನ ಮ್ಯಾಲಿನ ಗೇರಿಗೆ ಹೋಗತೈತಿ. ಇದನ್ನ ನನಗ ಕಲಿಸಿದಾಕಿ ನನ್ನ ಹೆಂಡ್ತಿ. ಏರಿನ್ಯಾಗ ಬ್ರೇಕ್ ಬಿಟ್ಟು ಆಕ್ಸಿಲರೇಟರಿನ ಮ್ಯಾಲೆ ಗಾಡಿ ಹಿಡದು ನಿಲ್ಲಸ್ತಿದ್ದಾಂವ ನಾನ. ಹಂಗ ಮಾಡಿದ್ರ ಒಳಗಿನ ಕ್ಲಚ್ ಸುಡತೈತಂತ. ಇಳಕಲಿನ್ಯಾಗ ಅಪ್ಪನಂಗ ನ್ಯೂಟ್ರಲ್ ಮಾಡ್ತಿದ್ದಾಂವನೂ ನಾನ. ಈಗಿನ ಎಂಜಿನ್ನಿನ್ಯಾಗ ಗೇರಿನ್ಯಾಗ ಇದ್ದು ಕಾಲ ತಗದ್ರ ಎಣ್ಣಿ ಹೋಗೂದ ಬಂದ್ ಆಗತೈತಿ, ನ್ಯೂಟ್ರಲ್ ಹಾಕಿದ್ರ ಎಂಜಿನ್ ಜೀವಾ ಹಿಡಕೊಂಡಿರಾಕ ಎಣ್ಣಿ ಬೇಕು. ಗಾಡಿ ಮ್ಯಾಲಿನ ಹಿಡತಾನೂ ಕಡಿಮಿ ಆಗತೈತಿ. ಅಪ್ಪನ ಬುದ್ಧಿ ಅಪ್ಪನ ಗಾಡಿಗೆ ಸರಿ ಇತ್ತು.

ಇಷ್ಟೆಲ್ಲಾ ಮಾಡಿ ಊರಾಗ ಈಗ 14.8 ಬರತೈತಿ. ಯಾವಾಗರ 15 ದಾಟಿದ್ರ ಹಬ್ಬ. 24 ಊರಾಗ ಬರಂಗಿಲ್ಲ, ಬರೂದೂ ಬ್ಯಾಡ. ಮಾಸ್ತರು ಮೊನ್ನೆ ಮತ್ತ ಕೇಳಿದ್ರು, ಖರೇ ಹೇಳಿದೆ. "ನಾ ಹೇಳಿರಲಿಲ್ಲೇನು?" ಅಂದ್ರು. ಅವರ ಗೇರಿನ ಗಾಡಿ ಎಷ್ಟ ಕೊಡತೈತಿ ಅಂತ ಕೇಳಿದ್ರ ಮಾತ್ರ, ಅವರು ಒಮ್ಮೇನೂ ಲೆಕ್ಕಾ ಮಾಡಿಲ್ಲಂತ.

ಅವ್ವನ್ನ ಮತ್ತ ಗಾಡ್ಯಾಗ ಕುಂಡ್ರಸೂದು ಲೆಕ್ಕಾ ಮಾಡಿದಷ್ಟು ಸರಳ ಆಗಲಿಲ್ಲ. 31 ರೂಪಾಯಿ ಅಂತ ಕಾಗದದ ಮ್ಯಾಲೆ ಬರದು ತೋರಿಸಿದೆ. "ಹೌದೇನು" ಅಂದ್ಲು, ಮರುದಿನಾ ಮತ್ತ ಆಟೋಕ್ಕ ಫೋನ್ ಮಾಡು ಅಂದ್ಲು. ಕಡೀಕ ಹೆಂಡ್ತಿ ಒಂದ ಉಪಾಯ ಮಾಡಿದ್ಲು. ಹಾಲಿನ ಲೆಕ್ಕದ ಹಳೇ ವಹಿ ಅಕಿ ಕೈಯಾಗ ಕೊಟ್ಟು, "ಅತ್ತಿ, ಇನ್ನ ಎಣ್ಣಿ ಲೆಕ್ಕ ನೀವ ಬರೀರಿ, ಇವರ ಕೈಯಾಗ ಬ್ಯಾಡ" ಅಂದ್ಲು. ಲೆಕ್ಕಾ ಬರಿಯಾಕ ಮೀಟರ್ ನೋಡಬೇಕು, ಮೀಟರ್ ನೋಡಾಕ ಗಾಡಿ ಹತ್ತಬೇಕು. ಈಗ ಅವ್ವ ಮುಂದಿನ ಸೀಟಿನ್ಯಾಗ ಕುಂತು, ಚಸ್ಮಾ ಏರಿಸಿ, ಮೀಟರ್ ಓದಿ ಕನ್ನಡ ಅಂಕಿಯೊಳಗ ಬರಕೋತಾಳ. ಬಾಜೂಕ ಯಾತಕ್ಕ ಹೋಗಿದ್ವಿ ಅನ್ನೂದನ್ನೂ ಬರೀತಾಳ. ಕಾಲಿಂದು. ಸಾಲಿ. ಬದನಿಕಾಯಿ ತುಟ್ಟಿ. ಆವರೇಜಿನ ಕಾಲಂ ಇಲ್ಲ ಅದರಾಗ, ನಾ ಹಾಕಂತ ಹೇಳಿಲ್ಲ.

ಹೋದ ಶನಿವಾರ ನುಗ್ಗಿಕೇರಿ ಹಣಮಪ್ಪನ ಗುಡಿಗೆ ಹೋಗಿದ್ವಿ. ಶನಿವಾರ ಅಂದ್ರ ಗೊತ್ತಲ್ಲ, ಗಾಡಿ ಸಾಲು. ಒಂದ ಮಾರು ಸರದು ನಿಲ್ಲೂದು, ಮತ್ತ ಒಂದ ಮಾರು ಸರದು ನಿಲ್ಲೂದು. ಹೆಂಡ್ತಿ ಗಾಡಿ ಹೊಡ್ಯಾಕತ್ತಿದ್ಲು, ನಾ ಮಗಳ ಜೋಡಿ ಹಿಂದ ಕುಂತಿದ್ದೆ. ಸ್ಕ್ರೀನಿನ್ಯಾಗ ಅಂಕಿ 14ರಿಂದ 13ಕ್ಕ ಬಂತು, 12 ಆತು.

ಅವ್ವ ಸೆರಗಿಂದ ಕುತಗಿ ಒರಸಿಕೊಂಡ್ಲು. "ಭಾಳ ಶೆಕಿ ಆಗಾಕತ್ತೈತಿ. ಎಸಿ ಹಚ್ಚವಾ."

ಹೆಂಡ್ತಿ ಕನ್ನಡಿಯೊಳಗ ನನ್ನ ನೋಡಿದ್ಲು. "ಜೋರ ಹಚ್ಚು" ಅಂದೆ.