ಸೂರ್ಯಕಾಂತಿಯ ಹಾದಿಯಲ್ಲಿ

ಚಾಮರಾಜನಗರದವರೆಗೆ ಹೋದವರು ಸಮೀಪದಲ್ಲಿಯೇ ಇರುವ ಹರದನಹಳ್ಳಿಯನ್ನು ನೋಡದೆ ಹಿಂದಿರುಗಬಾರದು. ದಿವ್ಯಲಿಂಗೇಶ್ವರನ ಪುರಾತನ ದೇವಾಲಯವಿರುವ ಊರು. ತೋಂಟದ ಸಿದ್ಧಲಿಂಗರ ಹೆಸರಿನೊಡನೆ ಬೆಸೆದುಕೊಂಡಿರುವ ಊರು. ‘ಹರದ’ನೆಂದರೆ ಹಿಂದಿನ ಕನ್ನಡದಲ್ಲಿ ವ್ಯಾಪಾರಿ. ಊರಿನ ಹೆಸರಿನಲ್ಲಿಯೇ ಲಾಭನಷ್ಟದ ಲೆಕ್ಕದ ನೆನಪು ಅಡಗಿದೆ.

ಇಲ್ಲಿಂದ ಚಾಮರಾಜನಗರಕ್ಕೆ ಮರಳಿ, ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಯತ್ತ ಹೊರಡಬೇಕು. ಮುಂಗಾರಿನ ದಿನಗಳಾದರೆ ಗುಂಡ್ಲುಪೇಟೆಯ ಸುತ್ತ ಹೊಲಹೊಲವೂ ಸೂರ್ಯಕಾಂತಿಯಿಂದ ಹಳದಿಯಾಗಿರುತ್ತದೆ. ದಾರಿಹೋಕರು ವಾಹನ ನಿಲ್ಲಿಸಿ ಚಿತ್ರ ತೆಗೆಸಿಕೊಳ್ಳುತ್ತಾರೆ. ಎಣ್ಣೆ ಕೊಡುವ ಈ ಹೂವು ದೂರದೇಶದಲ್ಲಿ ಮತ್ತೊಂದು ಕೆಲಸವನ್ನೂ ಮಾಡಿದೆಯೆಂದರೆ ವಾಚಕರಿಗೆ ಅಚ್ಚರಿಯಾದೀತು. 1986ರಲ್ಲಿ ಚೆರ್ನೋಬಿಲ್ಲಿನ ಅಣುಸ್ಥಾವರ ಸಿಡಿದು, ಸುತ್ತಣ ನೀರಿಗೆಲ್ಲ ವಿಷ ಬೆರೆಯಿತು. ಕೆಲವು ವರ್ಷಗಳ ಬಳಿಕ ವಿಜ್ಞಾನಿಗಳು ಅಲ್ಲಿನ ಕೊಳವೊಂದರಲ್ಲಿ ತೆಪ್ಪಗಳನ್ನು ತೇಲಿಬಿಟ್ಟು, ಅವುಗಳ ಮೇಲೆ ಸೂರ್ಯಕಾಂತಿಯನ್ನು ಬೆಳೆಸಿದರು. ನೀರಿಗಿಳಿದ ಬೇರುಗಳು ಸೀಸಿಯಮ್ ಮತ್ತು ಸ್ಟ್ರಾನ್ಷಿಯಮ್‌ಗಳನ್ನು ಹೀರಿಕೊಂಡವು.

ನಮ್ಮ ಕೆರೆಗಳ ಗಿಡಗಳೂ ಈ ವಿದ್ಯೆಯನ್ನು ಬಲ್ಲವು. ಚಾಪೆ ಹೆಣೆಯುವ ಆಪು, ತೇಲುವ ಅಂತರಗಂಗೆ, ನೇರಿಳೆ ಹೂವಿನ ಹಯಸಿಂತ್ ಇವೆಲ್ಲ ಸೀಸ, ಕ್ಯಾಡ್ಮಿಯಮ್, ಕ್ರೋಮಿಯಮ್‌ಗಳನ್ನು ನೀರಿನಿಂದ ಸೆಳೆಯಬಲ್ಲವು. ಸತುವು ಗಿಡಕ್ಕೆ ಅಲ್ಪಪ್ರಮಾಣದಲ್ಲಿ ಆಹಾರವೇ. ಅದು ಒಳಹೋಗುವ ಬಾಗಿಲಿನಿಂದಲೇ ಕ್ಯಾಡ್ಮಿಯಮ್ ಕೂಡ ನುಸುಳುತ್ತದೆ. ಹೀರಿದ್ದರಲ್ಲಿ ಹೆಚ್ಚಿನ ಪಾಲು ಬೇರಿನಲ್ಲಿಯೇ ಉಳಿಯುತ್ತದೆ.

ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಗಿಡಗಳ ಸೇವೆಯನ್ನು ಕಣ್ಣಾರೆ ಕಾಣಬಹುದು. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದೊಡನೆ ಆರಂಭವಾದ ಶುದ್ಧೀಕರಣ ಘಟಕದಿಂದ ಹೊರಟ ಕೊಳಚೆನೀರು, ಜೊಂಡು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಹಾದು ಕೆರೆಯನ್ನು ಸೇರುತ್ತದೆ. ಯಂತ್ರ ಉಳಿಸಿದ್ದನ್ನು ಗಿಡ ತೆಗೆಯುತ್ತದೆ.

ಆದರೆ ಹರದನ ಲೆಕ್ಕ ಇಲ್ಲಿಯೇ ಬೇಕಾಗುವುದು. ಕೊಳಚೆಯ ಕಶ್ಮಲ ಕೊಳೆತು ಮಣ್ಣಾದೀತು. ಲೋಹ ಕೊಳೆಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ನೀರಿನ ಖಾತೆಯಿಂದ ಗಿಡದ ಖಾತೆಗೆ ವರ್ಗವಾಗುತ್ತದೆ, ಅಷ್ಟೆ. ಗಿಡವನ್ನು ಕಾಲಕಾಲಕ್ಕೆ ಕೀಳದಿದ್ದರೆ ಅದು ಕೆರೆಯಲ್ಲಿಯೇ ಕೊಳೆತು, ಪಡೆದ ವಿಷವನ್ನು ಹಿಂದಕ್ಕೆ ಕೊಡುತ್ತದೆ. ಕಿತ್ತದ್ದನ್ನು ದನಕ್ಕೆ ಹಾಕಿದರೆ ಆ ವಿಷ ಹಾಲಿನ ಮೂಲಕ ಮನೆಯ ಮಕ್ಕಳ ಲೋಟಕ್ಕೇ ಬರಬಹುದು. ಗೊಬ್ಬರ ಮಾಡಿದರೆ ಸೊಪ್ಪಿನ ಮಡಿಗೆ ಹೋದೀತು. ಅದನ್ನು ಒಣಗಿಸಿ, ಹೊಗೆಯನ್ನು ಸೋಸುವ ಕುಲುಮೆಯಲ್ಲಿ ಸುಟ್ಟು, ಬೂದಿಯನ್ನು ನೀರು ತಾಗದ ಭದ್ರವಾದ ಗುಂಡಿಯಲ್ಲಿ ಇರಿಸಬೇಕು. ನೋಡಿಕೊಳ್ಳುವವರಿಲ್ಲದಿದ್ದರೆ ಹಯಸಿಂತ್ ಎಂತಹ ಪಿಡುಗಾದೀತೆಂಬುದಕ್ಕೆ, ಕಳೆ ಮುಚ್ಚಿಕೊಂಡು 2017ರಲ್ಲಿ ಬೆಂಕಿಯನ್ನೂ ಕಂಡ ಬೆಳ್ಳಂದೂರು ಕೆರೆಯೇ ಸಾಕ್ಷಿ.

ಚಾಮರಾಜನಗರದ ಸೀಮೆಗೂ ಬದನಗುಪ್ಪೆ–ಕೆಲ್ಲಂಬಳ್ಳಿಯ ಕೈಗಾರಿಕಾ ಪ್ರದೇಶ ಬಂದಿದೆ. ಕಾರ್ಖಾನೆಗಳು ಬರಲಿ, ಊರಿನ ಹುಡುಗರಿಗೆ ಅನ್ನ ದೊರೆಯಲಿ. ಆದರೆ ಕಾರ್ಖಾನೆಯ ನೀರು ಅದರ ಆವರಣದೊಳಗೇ ಶುದ್ಧವಾಗಬೇಕು. ಗಿಡಗಳಿಗೆ ಒಪ್ಪಿಸುವುದು ಅಳಿದುಳಿದದ್ದನ್ನು ಮಾತ್ರ. ಮೂಕವಾದ ಬೇರು ಎಷ್ಟು ಹೊರೆಯನ್ನಾದರೂ ಹೊತ್ತೀತೆಂದು ನಂಬಿ, ಕೆರೆಗೆ ವಿಷ ಬಿಡುವುದು ಜಾಣತನವೂ ಅಲ್ಲ, ಧರ್ಮವೂ ಅಲ್ಲ.