ಕುಂಬಾರನಿಗೆ ವರುಷ

ಶಾಲೆಯೊಂದರ ಯೋಗ್ಯತೆಯನ್ನು ಅದರ ಕಟ್ಟಡದಿಂದ ಅಳೆಯುವವರುಂಟು, ಪರೀಕ್ಷೆಯ ಫಲಿತಾಂಶದಿಂದ ಅಳೆಯುವವರುಂಟು, ದಾಖಲಾತಿ ಪುಸ್ತಕದಲ್ಲಿರುವ ಹೆಸರುಗಳ ಎಣಿಕೆಯಿಂದ ಅಳೆಯುವವರೂ ಉಂಟು. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ದುಡಿಯುವ ನಮಗೆ ಈ ಮೂರನೆಯ ಅಳತೆಗೋಲಿನ ಪರಿಚಯ ಚೆನ್ನಾಗಿ ಇದೆ. ಅದಕ್ಕಾಗಿಯೇ ಲಂಡನ್ ನಗರದ ಒಂದು ಶಾಲೆಯ ಕತೆ ನಮ್ಮನ್ನು ಬಹುಕಾಲದಿಂದ ಕಾಡುತ್ತ ಬಂದಿದೆ. ಆ ಶಾಲೆ ಬದುಕಿದ್ದು ಐದೇ ವರ್ಷ. ಅದರ ಹೆಸರು ರೈಸಿಂಗ್‌ಹಿಲ್.

ಆ ಶಾಲೆ ಹುಟ್ಟಿದ ಸಂದರ್ಭವನ್ನು ಮೊದಲು ಅರಿಯಬೇಕು. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯಿದೆ ಎಲ್ಲ ಮಕ್ಕಳಿಗೂ ಉಚಿತ ಪ್ರೌಢಶಿಕ್ಷಣವನ್ನು ಕೊಟ್ಟಿತು. ಆದರೆ ಕೊಟ್ಟ ಕೈಯೇ ಒಂದು ಗೆರೆಯನ್ನೂ ಎಳೆಯಿತು. ಹನ್ನೊಂದರ ವಯಸ್ಸಿನಲ್ಲಿ ಮಗುವಿಗೊಂದು ಪರೀಕ್ಷೆ ನಡೆಯುತ್ತಿತ್ತು. ಅದರಲ್ಲಿ ಗೆದ್ದ ಕೆಲವರಿಗೆ ಗ್ರಾಮರ್ ಶಾಲೆ, ಮುಂದೆ ವಿಶ್ವವಿದ್ಯಾಲಯದ ಹಾದಿ. ಉಳಿದ ಬಹುಪಾಲು ಮಕ್ಕಳಿಗೆ ಸೆಕೆಂಡರಿ ಮಾಡರ್ನ್ ಶಾಲೆ, ಮುಂದೆ ಕಾರ್ಖಾನೆ, ಅಂಗಡಿ. ಮೀಸೆ ಮೂಡುವ ಮೊದಲೇ ಹುಡುಗನ ಹಣೆಬರಹವನ್ನು ಬರೆದು ಮುಗಿಸುವ ಈ ಏರ್ಪಾಟು ಅನ್ಯಾಯವೆಂದು ಕಂಡವರು ಮುಂದಿಟ್ಟ ಪರಿಹಾರವೇ ಕಾಂಪ್ರಿಹೆನ್ಸಿವ್ ಶಾಲೆ, ಎಂದರೆ ಆಯ್ಕೆಯ ಜರಡಿಯಿಲ್ಲದೆ ಒಂದು ಪ್ರದೇಶದ ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳುವ ಶಾಲೆ. ಲಂಡನ್ ಕೌಂಟಿ ಕೌನ್ಸಿಲ್ 1947ರಲ್ಲಿಯೇ ಇದರ ಯೋಜನೆಯನ್ನು ಸಿದ್ಧಪಡಿಸಿತು. 1954ರಲ್ಲಿ ಕಿಡ್‌ಬ್ರೂಕ್ ಎಂಬಲ್ಲಿ ಹುಡುಗಿಯರಿಗಾಗಿ ಅಂಥ ದೊಡ್ಡ ಶಾಲೆಯನ್ನು ಕಟ್ಟಿ ತೆರೆಯಿತು.

ರೈಸಿಂಗ್‌ಹಿಲ್ ತೆರೆದದ್ದು 1960ರಲ್ಲಿ, ಉತ್ತರ ಲಂಡನ್ನಿನ ಇಸ್ಲಿಂಗ್ಟನ್ ಭಾಗದಲ್ಲಿ, ಚಾಪೆಲ್ ಮಾರ್ಕೆಟ್ ಎಂಬ ಬೀದಿಸಂತೆಯ ಸಮೀಪದಲ್ಲಿ. ಅದು ಬೀಜದಿಂದ ಬೆಳೆದ ಗಿಡವಲ್ಲ. ಬೇರೆ ಬೇರೆ ಪಾತಿಗಳಿಂದ ಕಿತ್ತು ನೆಟ್ಟದ್ದು. ನಾಲ್ಕು ಶಾಲೆಗಳನ್ನು ಒಂದುಗೂಡಿಸಿ, ಸಾವಿರಕ್ಕೆ ಮಿಕ್ಕಿದ ಮಕ್ಕಳನ್ನು ಒಂದೇ ಆವರಣಕ್ಕೆ ತಂದರು. ಬಡವರ ಕೇರಿ, ಇಕ್ಕಟ್ಟಾದ ಮನೆಗಳು. ಸ್ಥಳೀಯ ಕೂಲಿಕಾರರ ಮಕ್ಕಳ ಜೊತೆಗೆ ಸೈಪ್ರಸ್ ದ್ವೀಪದಿಂದ ಬಂದ ಗ್ರೀಕ್ ಮತ್ತು ತುರ್ಕಿ ಕುಟುಂಬಗಳ ಮಕ್ಕಳೂ ಅಲ್ಲಿದ್ದರು. ಅದೇ 1960ರಲ್ಲಿ ಸೈಪ್ರಸ್ ಸ್ವತಂತ್ರವಾಯಿತು. 1963ರ ಡಿಸೆಂಬರಿನಲ್ಲಿ ಅಲ್ಲಿ ಈ ಎರಡು ಜನಗಳ ನಡುವೆ ರಕ್ತ ಹರಿಯಿತು. ತಾಯ್ನಾಡಿನಲ್ಲಿ ಹಿರಿಯರು ಹೊಡೆದಾಡುತ್ತಿದ್ದ ಕಾಲದಲ್ಲಿ ಈ ಶಾಲೆಯೊಳಗೆ ಮಕ್ಕಳು ಜೊತೆಗೆ ಕಲಿಯಬೇಕಾಗಿತ್ತು.

ಇಂಥ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಬಂದವರು ಮೈಕೇಲ್ ಡ್ವೇನ್. ಐರ್ಲೆಂಡಿನಲ್ಲಿ ಹುಟ್ಟಿದವರು, ಎರಡನೆಯ ಮಹಾಯುದ್ಧದಲ್ಲಿ ಸೈನ್ಯದಲ್ಲಿ ಸೇವೆ ಸಲ್ಲಿಸಿದವರು. ಯುದ್ಧವನ್ನು ಕಂಡುಬಂದ ಮನುಷ್ಯ ಶಿಸ್ತೆಂದರೆ ಬೆತ್ತವೆಂದು ತಿಳಿದಿದ್ದರೆ ಆಶ್ಚರ್ಯವಿರಲಿಲ್ಲ. ಡ್ವೇನ್ ತದ್ವಿರುದ್ಧವಾಗಿ ನಡೆದರು. ಬೆತ್ತದ ಏಟು ಇಂಗ್ಲಿಷ್ ಶಾಲೆಗಳಲ್ಲಿ ನಿತ್ಯದ ಮಾತಾಗಿದ್ದ ಆ ದಿನಗಳಲ್ಲಿ, ತಮ್ಮ ಶಾಲೆಯಲ್ಲಿ ಮಕ್ಕಳನ್ನು ಹೊಡೆಯಕೂಡದೆಂದು ನಿರ್ಧರಿಸಿ, ಅದನ್ನು ಮಕ್ಕಳಿಗೇ ತಿಳಿಸಿದರು. ‘ದಂಡಂ ದಶಗುಣಂ’ ಎಂಬ ಮಾತನ್ನು ಕೇಳುತ್ತಲೇ ಬೆಳೆದ ನಮ್ಮ ತಲೆಮಾರಿಗೆ ಆ ನಿರ್ಧಾರದ ತೂಕ ಬೇಗನೆ ತಿಳಿದೀತು. ಮನೆಯಲ್ಲಿ, ಬೀದಿಯಲ್ಲಿ ಏಟು ತಿಂದೇ ಬಂದ ಮಗುವಿಗೆ ಶಾಲೆಯೂ ಏಟನ್ನೇ ಕೊಟ್ಟರೆ, ಅದು ಹೊಸದಾಗಿ ಕಲಿಯುವುದೇನು?

ಬೆತ್ತವನ್ನು ಕೆಳಗಿಟ್ಟ ಮಾತ್ರಕ್ಕೆ ಶಾಂತಿ ನೆಲೆಸಲಿಲ್ಲ. ಹೊಡೆಯುವುದಿಲ್ಲವೆಂಬ ಮಾತು ನಿಜವೋ ಸುಳ್ಳೋ ಎಂದು ಮಕ್ಕಳು ಪರೀಕ್ಷಿಸಿಯೇ ನೋಡಿದರು, ಗದ್ದಲವಾಯಿತು. ಶಿಕ್ಷಕರಲ್ಲಿಯೂ ಎರಡು ಪಕ್ಷಗಳಾದವು. ನಾಲ್ಕು ಶಾಲೆಗಳಿಂದ ಬಂದವರು ನಾಲ್ಕು ಬಗೆಯ ರೂಢಿಗಳನ್ನು ತಂದಿದ್ದರು. ಮುಖ್ಯೋಪಾಧ್ಯಾಯರ ಆದರ್ಶ ತಮ್ಮ ಕೈಕಟ್ಟಿಹಾಕುತ್ತಿದೆಯೆಂದು ಕೆಲವರಿಗೆ ಅನಿಸಿತು. ಅವರನ್ನು ಬರಿಯ ಹಟಮಾರಿಗಳೆಂದು ನಾವು ತಳ್ಳಿಹಾಕಲಾರೆವು. ತರಗತಿಯಲ್ಲಿ ನಾಲ್ವತ್ತು ಮಕ್ಕಳ ಎದುರು ನಿಲ್ಲುವ ಶಿಕ್ಷಕನಿಗೆ ಹಳೆಯ ಆಯುಧವನ್ನು ಕಸಿದುಕೊಂಡಾಗ ಹೊಸದೊಂದನ್ನು ಕೈಗೆ ಕೊಡಬೇಕಾಗುತ್ತದೆ. ಅದಕ್ಕೆ ಕಾಲ ಬೇಕು, ಮೇಲಿನವರ ಬೆಂಬಲ ಬೇಕು. ಡ್ವೇನ್ ಅವರಿಗೆ ದೊರೆಯದೆ ಹೋದದ್ದು ಈ ಎರಡೇ.

ಆದರೂ ಫಲ ಕಾಣತೊಡಗಿತ್ತು. ಶಾಲೆ ತೆರೆದಾಗ ತಪ್ಪುಗಳಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿ ಪ್ರೊಬೇಶನ್ ಅಧಿಕಾರಿಯ ನಿಗಾದಲ್ಲಿದ್ದ ಮಕ್ಕಳು 98. 1964ರ ಹೊತ್ತಿಗೆ ಅವರ ಸಂಖ್ಯೆ 9. ಮಗುವಿನ ಮನಸ್ಸು ತಿರುಗಿತೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಯಾವುದು? ಆದರೆ ಈ ಅಂಕಿ ಶಾಲೆಯನ್ನು ಉಳಿಸಲಿಲ್ಲ. 1965ರ ಆರಂಭದಲ್ಲಿ ಶಾಲೆಯನ್ನು ಮುಚ್ಚುವ ಸುದ್ದಿ ಹೊರಬಿತ್ತು. ಆ ಪ್ರದೇಶದ ಶಾಲೆಗಳ ಪುನರ್ವ್ಯವಸ್ಥೆಯೆಂಬುದು ಕಾಗದದ ಮೇಲಿನ ಕಾರಣ. ಪೋಷಕರು, ಮಕ್ಕಳು ಪ್ರತಿಭಟಿಸಿದರು, ಪ್ರಯೋಜನವಾಗಲಿಲ್ಲ. ಅದೇ ವರ್ಷದ ಬೇಸಿಗೆಯಲ್ಲಿ ರೈಸಿಂಗ್‌ಹಿಲ್ ಮುಚ್ಚಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ವಿಧಿಯ ವ್ಯಂಗ್ಯವನ್ನು ಗಮನಿಸಿ. 1965ರ ಜುಲೈ ತಿಂಗಳಲ್ಲಿಯೇ ಶಿಕ್ಷಣ ಸಚಿವ ಆಂಥನಿ ಕ್ರಾಸ್‌ಲೆಂಡ್, ದೇಶದ ಪ್ರೌಢಶಾಲೆಗಳನ್ನೆಲ್ಲ ಕಾಂಪ್ರಿಹೆನ್ಸಿವ್ ಪದ್ಧತಿಗೆ ತರುವ ಯೋಜನೆಗಳನ್ನು ಸಿದ್ಧಪಡಿಸಿರೆಂದು ಸ್ಥಳೀಯ ಆಡಳಿತಗಳಿಗೆ ಸುತ್ತೋಲೆ ಕಳುಹಿಸಿದರು. ಒಂದು ಕೈ ಊರೂರಿಗೆ ಸಸಿ ಹಂಚುತ್ತಿದ್ದಾಗ ಇನ್ನೊಂದು ಕೈ ಬೇರುಬಿಟ್ಟ ಗಿಡವನ್ನು ಕಿತ್ತಿತು. ಡ್ವೇನ್ ಅವರಿಗೆ ಮತ್ತೆಂದೂ ಮುಖ್ಯೋಪಾಧ್ಯಾಯರ ಹುದ್ದೆ ದೊರೆಯಲಿಲ್ಲ. ಲೈಲಾ ಬರ್ಗ್ ಎಂಬ ಲೇಖಕಿ 1968ರಲ್ಲಿ ಈ ಶಾಲೆಯ ಸಾವನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ದೇಶದಲ್ಲಿ ದೊಡ್ಡ ಚರ್ಚೆಯೆದ್ದಿತು. ಡ್ವೇನ್ 1997ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಅವರ ಹಟವೇ ಕಾನೂನಾಗಿತ್ತು: ಇಂಗ್ಲೆಂಡಿನ ಸರಕಾರಿ ಶಾಲೆಗಳಲ್ಲಿ 1987ರಿಂದ ದೈಹಿಕ ಶಿಕ್ಷೆ ನಿಂತಿತು. ನಮ್ಮ ದೇಶದಲ್ಲಿಯೂ 2009ರ ಶಿಕ್ಷಣ ಹಕ್ಕು ಕಾಯಿದೆ ಮಗುವಿನ ಮೇಲೆ ಕೈಮಾಡುವುದನ್ನು ನಿಷೇಧಿಸಿದೆ.

ಲಂಡನ್ನಿನ ಈ ಕತೆಯಿಂದ ಗಡಿನಾಡಿನ ಕನ್ನಡಿಗರಿಗೆ ಆಗಬೇಕಾದ್ದೇನು ಎಂದು ಯಾರಾದರೂ ಕೇಳಬಹುದು. 1956ರಲ್ಲಿ ರಾಜ್ಯಗಳನ್ನು ಭಾಷಾನುಸಾರವಾಗಿ ಪುನರ್ವಿಂಗಡಿಸಿದಾಗ ಗೆರೆಯಾಚೆ ಉಳಿದವರು ನಾವು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಯುವ ಸೌಕರ್ಯವನ್ನು ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಆದರೆ ವಿಧಿ ಶಾಲೆಯನ್ನು ತೆರೆದೀತೇ ಹೊರತು ಅದನ್ನು ತುಂಬಲಾರದು. ಪ್ರತಿ ವರ್ಷವೂ ಮಕ್ಕಳ ತಲೆಯೆಣಿಕೆ ನಡೆಯುತ್ತದೆ. ಎಣಿಕೆ ಇಳಿದರೆ ಶಿಕ್ಷಕರ ಹುದ್ದೆ ಇಳಿಯುತ್ತದೆ. ಹುದ್ದೆ ಇಳಿದರೆ ಪೋಷಕರ ನಂಬಿಕೆ ಇಳಿಯುತ್ತದೆ. ನಂಬಿಕೆ ಇಳಿದಲ್ಲಿ ಎಣಿಕೆ ಮತ್ತೆ ಇಳಿಯುತ್ತದೆ.

ಈ ಇಳಿಜಾರನ್ನು ತಡೆಯುವ ಶಕ್ತಿ ಮುಖ್ಯೋಪಾಧ್ಯಾಯನೊಬ್ಬನಿಗೆ ಇಲ್ಲವೆಂಬುದನ್ನೇ ಡ್ವೇನ್ ಅವರ ಕತೆ ನಮಗೆ ಕಲಿಸಿದೆ. ಸಹಶಿಕ್ಷಕರನ್ನು ಜೊತೆಗೆ ಕರೆದೊಯ್ಯುವುದು ನಮ್ಮ ಹೊಣೆ. ಶಾಲೆಗೆ ಕಾಲಾವಕಾಶ ಕೊಡುವುದು ಆಡಳಿತದ ಹೊಣೆ. ಆದರೆ ರೈಸಿಂಗ್‌ಹಿಲ್ಲಿನ ಪೋಷಕರು ಎದ್ದುನಿಂತದ್ದು ಮುಚ್ಚುವ ಸುದ್ದಿ ಬಂದ ಮೇಲೆ. ಅದಕ್ಕೂ ಮೊದಲೇ ಏಳುವ ಅವಕಾಶ ನಮ್ಮ ಪೋಷಕರಿಗೆ ಇನ್ನೂ ಇದೆ. ಪಕ್ಕದ ಊರಿನ ಬಸ್ಸು ಮನೆಬಾಗಿಲಿಗೆ ಬರುತ್ತದೆಂಬ ಒಂದೇ ಕಾರಣಕ್ಕೆ ಮಗುವನ್ನು ಹತ್ತಿಸಿಬಿಡುವ ಮುನ್ನ ಊರಿನ ಕನ್ನಡ ಶಾಲೆಗೆ ಒಮ್ಮೆ ಬನ್ನಿ. ತರಗತಿಯಲ್ಲಿ ಒಂದು ಗಂಟೆ ಕುಳಿತುಕೊಳ್ಳಿ. ಮಗು ಹೆದರದೆ ಪ್ರಶ್ನೆ ಕೇಳುತ್ತದೆಯೇ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳುತ್ತದೆಯೇ ಎಂಬುದನ್ನು ನೋಡಿ. ಕೊರತೆ ಕಂಡರೆ ಪೋಷಕರ ಸಭೆಯಲ್ಲಿ ನಮ್ಮ ಮುಖಕ್ಕೇ ಹೇಳಿ, ನಾವು ತಿದ್ದಿಕೊಳ್ಳುತ್ತೇವೆ. ಜೂನ್ ತಿಂಗಳ ದಾಖಲಾತಿಗೆ ಮೊದಲು ನಾವು ಬೇಡುವುದು ಇಷ್ಟನ್ನೇ.