ಕವಲೊಡೆದ ಕಥೆಯ ಮೊದಲ ಕಂತು

ಹೆಸರಾಂತ ಧಾರಾವಾಹಿಯಿಂದ ಕವಲೊಡೆದ ಕೃತಿಯನ್ನು ಮೂಲದ ಕೀರ್ತಿಯಿಂದ ಅಳೆಯುವುದು ಉಚಿತವಲ್ಲವೆಂಬುದು ನಮ್ಮ ಮತ. 1993ರ ಜನವರಿಯಲ್ಲಿ ಅಮೆರಿಕದಲ್ಲಿ ಪ್ರಸಾರವಾದ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಧಾರಾವಾಹಿಯ ಪ್ರಥಮ ಕಂತು ‘ಎಮಿಸರಿ’ಯನ್ನು ನಾವು ಈ ದೃಷ್ಟಿಯಿಂದಲೇ ನೋಡಿದೆವು. ಪಾತ್ರಪರಿಚಯದ ಭಾರದಿಂದ ಪೂರ್ವಾರ್ಧ ತುಸು ಕುಂಟುತ್ತದೆ, ನಿಜ. ಆದರೆ ಯುದ್ಧದಲ್ಲಿ ಪತ್ನಿಯನ್ನು ಕಳೆದುಕೊಂಡ ನಾಯಕ ಸಿಸ್ಕೋ, ನಿನ್ನೆ ನಾಳೆಗಳ ಅರಿವಿಲ್ಲದ ಅನ್ಯಲೋಕದ ಜೀವಿಗಳಿಗೆ ಕಾಲದ ಸ್ವರೂಪವನ್ನು ಬೇಸ್‌ಬಾಲ್ ಆಟದ ನಿದರ್ಶನದಿಂದ ತಿಳಿಸುವ ಭಾಗ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಆ ಸಂವಾದ ಮತ್ತೆ ಮತ್ತೆ ಪತ್ನಿ ಮಡಿದ ಗಳಿಗೆಗೇ ಮರಳುತ್ತದೆ. ಕಾಲ ಮುಂದೆ ಸಾಗುವುದೆಂದು ಬೋಧಿಸುವವನೇ ಮೂರು ವರ್ಷಗಳಿಂದ ಆ ಗಳಿಗೆಯಲ್ಲಿ ನಿಂತಿದ್ದಾನೆ! ಅದನ್ನರಿತ ಮೇಲೆ, ಹುದ್ದೆ ತೊರೆಯಬಯಸಿದ್ದವನು ಕರ್ತವ್ಯಕ್ಕೆ ಮರಳುತ್ತಾನೆ. ಅಗಲಿದವರ ನೆನಪಿಲ್ಲದ ಮನೆ ಯಾವುದಿದೆ? ಆ ನೆನಪನ್ನು ಹೊತ್ತೇ ನಡೆಯಬೇಕೆಂದು ತೋರಿಸಿದ ಈ ಕಂತು, ಮೂಲದ ಆಸರೆಯಿಲ್ಲದೆ ತನ್ನ ಕಾಲ ಮೇಲೆ ತಾನು ನಿಂತಿದೆ.